ಟ್ರಾಲಪನ ಗಡಿಯಾರ

ವರ್ತಕನು ತನ್ನ ಹೊತ್ತಿಗೆ ಲೆಕ್ಕವಿಟ್ಟರೆ ಲೋಕ ಅವನನ್ನು ಜಾಣನೆನ್ನುತ್ತದೆ. ಸಾಹಿತಿಯಾದವನು ಅದೇ ಕೆಲಸ ಮಾಡಿದರೆ ಅವನ ಪ್ರತಿಭೆಯ ಮೇಲೆಯೇ ಅನುಮಾನ ಹುಟ್ಟುತ್ತದೆ. ಸ್ಫೂರ್ತಿಯೆಂಬುದು ಕರೆದಾಗ ಬರುವ ಆಳಲ್ಲ, ಬಂದಾಗ ಎದ್ದು ಇದಿರುಗೊಳ್ಳಬೇಕಾದ ಅತಿಥಿ ಎಂಬ ನಂಬಿಕೆ ಎಲ್ಲ ದೇಶಗಳಲ್ಲಿಯೂ ಬೇರೂರಿದೆ. ಆ ನಂಬಿಕೆಗೆ ಇಂಗ್ಲೆಂಡಿನ ಕಾದಂಬರಿಕಾರ ಆಂಟನಿ ಟ್ರಾಲಪ್ ಕೊಟ್ಟಷ್ಟು ಬಲವಾದ ಪೆಟ್ಟನ್ನು ಮತ್ತಾರೂ ಕೊಟ್ಟಂತೆ ಕಾಣೆ. ಅವನು ತೀರಿಕೊಂಡದ್ದು 1882ರಲ್ಲಿ. ಮರುವರ್ಷ ಅವನ ಮಗ ಹೆನ್ರಿ, ತಂದೆ ಬರೆದು ತನ್ನ ಕೈಗೆ ಒಪ್ಪಿಸಿ ಹೋಗಿದ್ದ ಆತ್ಮಚರಿತ್ರೆಯನ್ನು ಅಚ್ಚುಮಾಡಿಸಿದ. ಬೆಳಗಿನ ಐದೂವರೆಗೆ ಮೇಜಿನ ಮುಂದೆ ಕುಳಿತು, ಗಡಿಯಾರವನ್ನು ಎದುರಿಗಿಟ್ಟುಕೊಂಡು, ಕಾಲುಗಂಟೆಗೆ 250 ಮಾತುಗಳಂತೆ ತಾನು ಕಾದಂಬರಿಗಳನ್ನು ಬರೆದ ಬಗೆಯನ್ನು ಟ್ರಾಲಪ್ ಅದರಲ್ಲಿ ಯಾವ ಸಂಕೋಚವೂ ಇಲ್ಲದೆ ವಿವರಿಸಿದ್ದ. ಸಾಲದೆಂಬಂತೆ, ಅಲ್ಲಿಯವರೆಗಿನ ಪುಸ್ತಕಗಳಿಂದ ಬಂದ ಹಣದ ಪಟ್ಟಿಯನ್ನೂ ಕೊಟ್ಟು, 68,939 ಪೌಂಡು 17 ಷಿಲಿಂಗು 5 ಪೆನ್ನಿ ಎಂದು ಮೊತ್ತವನ್ನು ಕೂಡಿಸಿ ತೋರಿಸಿದ್ದ.

ಸೂಕ್ಷ್ಮ ಅಭಿರುಚಿಯ ಜನಕ್ಕೆ ಇದು ಸಹನೆಯಾಗಲಿಲ್ಲ. ಗಂಟೆಯ ಲೆಕ್ಕದಲ್ಲಿ ಹುಟ್ಟಿದ್ದು ಕಲೆಯಾದೀತೇ ಎಂದು ಮೂಗು ಮುರಿದವರು ಆಗಲೂ ಇದ್ದರು, ಬಹುಕಾಲದವರೆಗೂ ಉಳಿದುಬಂದರು. ನಾನಾದರೋ ಟ್ರಾಲಪನ ಹತ್ತಾರು ಕಾದಂಬರಿಗಳನ್ನು ಸವಿದ ಮೇಲೆ ಆ ಆತ್ಮಚರಿತ್ರೆಯನ್ನು ಕೈಗೆತ್ತಿಕೊಂಡವನು. ಅದರಿಂದಲೋ ಏನೋ, ಅವನ ಗಡಿಯಾರ ನನ್ನನ್ನು ಬೆದರಿಸಲಿಲ್ಲ. ಅದು ಅವನ ಮೇಜಿನ ಮೇಲಕ್ಕೆ ಬಂದದ್ದಾದರೂ ಹೇಗೆ ಎಂಬ ಕುತೂಹಲವನ್ನು ಮಾತ್ರ ಹುಟ್ಟಿಸಿತು. ಅದಕ್ಕೆ ಉತ್ತರ ಅವನ ಬಾಲ್ಯದಲ್ಲಿದೆ.

ಟ್ರಾಲಪ್ ಹುಟ್ಟಿದ್ದು 1815ನೆಯ ಇಸವಿ ಏಪ್ರಿಲ್ 24ರಂದು, ಲಂಡನ್ನಿನಲ್ಲಿ. ತಂದೆ ಥಾಮಸ್ ಆಂಟನಿ ವಕೀಲ. ವಿದ್ವಾಂಸ, ಪ್ರಾಮಾಣಿಕ, ಮೈಗಳ್ಳತನವೆಂದರೇನೆಂದು ಅರಿಯದವನು. ಇಷ್ಟಿದ್ದೂ ಅವನು ಕೈಯಿಟ್ಟ ಕೆಲಸವೊಂದೂ ಕೊನೆಗಾಣಲಿಲ್ಲ. ಮುಂಗೋಪಕ್ಕೆ ಹೆದರಿ ಕಕ್ಷಿಗಾರರು ದೂರವಾದರು. ಬೇಸಾಯದ ಗಂಧವಿಲ್ಲದೆ ಹ್ಯಾರೋ ಊರಿನಲ್ಲಿ ಹೊಲವನ್ನು ಗುತ್ತಿಗೆ ಹಿಡಿದು ಸಾಲಕ್ಕೆ ಸಿಕ್ಕಿದ. ಆಸ್ತಿ ಬಿಟ್ಟುಹೋಗುವನೆಂದು ನಂಬಿದ್ದ ಮುದಿ ಸೋದರಮಾವ ಎರಡನೆಯ ಮದುವೆಯಾಗಿ ಮಕ್ಕಳನ್ನು ಪಡೆದ. ಇವೆಲ್ಲದರ ನಡುವೆ ಆ ಮನುಷ್ಯ ಕ್ರೈಸ್ತ ಮಠಧರ್ಮಗಳಿಗೆ ಸಂಬಂಧಪಟ್ಟ ಒಂದು ವಿಶ್ವಕೋಶವನ್ನು ರಚಿಸಲು ಹೊರಟ. ತಲೆನೋವಿನಿಂದ ನರಳುತ್ತ, ಕೈಗೆ ಬೇಕಾದ ಗ್ರಂಥಗಳೂ ಇಲ್ಲದೆ, ಸಂನ್ಯಾಸಿ ಸಂನ್ಯಾಸಿನಿಯರ ಪಂಥಗಳ ಹೆಸರುಗಳನ್ನು ಅಕ್ಷರಾನುಕ್ರಮದಲ್ಲಿ ಜೋಡಿಸುತ್ತ ವರ್ಷಗಟ್ಟಲೆ ಕುಳಿತ. ಗ್ರಂಥ ಮುಗಿಯುವ ಮೊದಲೇ ಅವನು ಮುಗಿದ.

ಈ ತಂದೆಗೂ ಹೊತ್ತು ಉಳಿಸುವ ಹಂಬಲವಿತ್ತೆಂಬುದು ವಿನೋದದ ಸಂಗತಿ. ಬೆಳಗಿನ ಆರು ಗಂಟೆಗೆ ಅವನು ಕ್ಷೌರ ಮಾಡಿಕೊಳ್ಳುವಾಗ ಎಳೆಯ ಆಂಟನಿ ಪಕ್ಕದಲ್ಲಿ ನಿಂತು ಲ್ಯಾಟಿನ್ ವ್ಯಾಕರಣವನ್ನೋ ಗ್ರೀಕ್ ಅಕ್ಷರಮಾಲೆಯನ್ನೋ ಒಪ್ಪಿಸಬೇಕಾಗಿತ್ತು. ಒಪ್ಪಿಸುವಾಗ ತಲೆಯನ್ನು ತಂದೆಯ ಕಡೆಗೆ ಬಾಗಿಸಿಕೊಂಡಿರಬೇಕು. ತಪ್ಪಿದರೆ ಕ್ಷೌರದ ಕತ್ತಿಯನ್ನು ಕೆಳಗಿಡದೆಯೇ ಕೂದಲು ಹಿಡಿದೆಳೆಯಲು ಅನುಕೂಲವಾಗಲೆಂದು! ಒಂದೇ ಗಳಿಗೆಯಲ್ಲಿ ಎರಡು ಕೆಲಸ ಸಾಧಿಸುವ ವಿದ್ಯೆಯ ಮೊದಲ ಪಾಠ ಟ್ರಾಲಪನಿಗೆ ಆದದ್ದು ಹೀಗೆ. ದುಡಿಮೆ ಬೇರೆ, ದುಡಿಮೆಯ ಫಲ ಬೇರೆ. ದಿನವೆಲ್ಲ ಮೇಜಿಗೆ ಅಂಟಿ ಕುಳಿತವನೂ ಬರಿಗೈಯಲ್ಲಿ ಏಳಬಹುದು. ಇದನ್ನು ಆ ಮನೆಯಲ್ಲಿ ಯಾರೂ ಅವನಿಗೆ ಬಾಯಿಬಿಟ್ಟು ಹೇಳಬೇಕಾಗಿರಲಿಲ್ಲ.

ತಾಯಿ ಫ್ರಾನ್ಸೆಸ್ ಬೇರೆಯೇ ಧಾತುವಿನವಳು. ಮನೆ ಮುಳುಗುತ್ತಿದ್ದುದನ್ನು ಕಂಡು 1827ರಲ್ಲಿ ಅಮೆರಿಕಕ್ಕೆ ಹೋದಳು. ಸಿನ್ಸಿನಾಟಿಯಲ್ಲಿ ಒಂದು ದೊಡ್ಡ ಅಂಗಡಿ ಕಟ್ಟಿಸಿ ಕೈಸುಟ್ಟುಕೊಂಡಳು. ಬರಿಗೈಯಲ್ಲಿ ಹಿಂದಿರುಗಿದವಳು ಅಮೆರಿಕನ್ನರ ನಡೆನುಡಿಗಳ ಮೇಲೆ ಒಂದು ಪುಸ್ತಕ ಬರೆದಳು. 1832ರಲ್ಲಿ ಅದು ಹೊರಬಂದು ಹೆಸರಾಯಿತು. ಆಗ ಆಕೆಗೆ ಐವತ್ತು ದಾಟಿತ್ತು. ಅಲ್ಲಿಂದ ಮುಂದೆ ಆಕೆ ಬರೆದ ಸಂಪುಟಗಳು ನೂರಕ್ಕೂ ಹೆಚ್ಚು. ಬೆಳಗಿನ ನಾಲ್ಕು ಗಂಟೆಗೆ ಮೇಜಿನ ಮುಂದೆ ಕುಳಿತು, ಮನೆಯವರು ಕಣ್ಣುಬಿಡುವಷ್ಟರಲ್ಲಿ ಅಂದಿನ ಬರವಣಿಗೆಯನ್ನು ಮುಗಿಸಿ, ಉಳಿದ ಹೊತ್ತನ್ನೆಲ್ಲ ಗಂಡನಿಗೆ, ಮಕ್ಕಳಿಗೆ, ನಗುವಿಗೆ ಮೀಸಲಾಗಿಡುತ್ತಿದ್ದಳು.

1834ರಲ್ಲಿ ಸಾಲಗಾರರ ಕೈಗೆ ಸಿಕ್ಕದಿರಲೆಂದು ತಂದೆ ದೇಶಬಿಟ್ಟು ಹೋಗಬೇಕಾಯಿತು. ಅವನನ್ನು ಬಂಡಿಯಲ್ಲಿ ಕೂರಿಸಿಕೊಂಡು ಲಂಡನ್ನಿನ ಹಡಗುಕಟ್ಟೆಗೆ ತಲಪಿಸಿದವನು ಹದಿಹರೆಯದ ಆಂಟನಿ; ಹಿಂದಿರುಗಿದಾಗ ಜಪ್ತಿಯ ಅಧಿಕಾರಿಗಳು ಮನೆಯೊಳಗೆ ನಿಂತಿದ್ದರು. ಸಂಸಾರ ಬೆಲ್ಜಿಯಮಿನ ಬ್ರೂಜ್ ಪಟ್ಟಣದಲ್ಲಿ ಬೀಡುಬಿಟ್ಟಿತು. ಅಲ್ಲಿ ಒಂದು ಕೋಣೆಯಲ್ಲಿ ಕ್ಷಯದಿಂದ ಸಾಯುತ್ತಿದ್ದ ಮಗ ಹೆನ್ರಿ, ಇನ್ನೊಂದರಲ್ಲಿ ಹಾಸಿಗೆ ಹಿಡಿದ ಗಂಡ. ತಾಯಿ ಹಗಲೆಲ್ಲ ಅವರ ಶುಶ್ರೂಷೆ ಮಾಡಿ, ರಾತ್ರಿ ಔಷಧದ ಸೀಸೆಗಳ ಪಕ್ಕದಲ್ಲಿಯೇ ಮಸಿಕುಡಿಕೆಯನ್ನಿಟ್ಟುಕೊಂಡು ಶ್ರೀಮಂತರ ಸರಸಸಲ್ಲಾಪಗಳ ಕಾದಂಬರಿಗಳನ್ನು ಬರೆದಳು. ಆ ಹಣದಿಂದಲೇ ಔಷಧ ಬರಬೇಕಾಗಿತ್ತು. ಹೆನ್ರಿ ಅದೇ ಡಿಸೆಂಬರಿನಲ್ಲಿ ತೀರಿಕೊಂಡ, ತಂದೆ ಮರುವರ್ಷ, ತಂಗಿ ಎಮಿಲಿ ಅದರ ಮುಂದಿನ ವರ್ಷ. ಸ್ಫೂರ್ತಿಗಾಗಿ ಕಾದು ಕುಳಿತಿರುವ ಲೇಖಕರನ್ನು ಕಂಡರೆ ಟ್ರಾಲಪನಿಗೆ ಮುಂದೆ ಬರುತ್ತಿದ್ದ ನಗುವನ್ನು ಅಹಂಕಾರವೆಂದು ತಿಳಿದವರು ಬ್ರೂಜಿನ ಈ ಮನೆಯನ್ನು ನೆನೆಯಬೇಕು.

ಆಂಟನಿಯ ಪಾಡೇನು? ಹ್ಯಾರೋ ಶಾಲೆ ಸಿರಿವಂತರ ಮಕ್ಕಳದು. ಅವನು ಮೂರು ಮೈಲಿ ಕೆಸರುದಾರಿಯನ್ನು ತುಳಿದು, ಮಾಸಿದ ಬಟ್ಟೆಯಲ್ಲಿ ಅಲ್ಲಿಗೆ ಹೋಗಿಬರುತ್ತಿದ್ದ ಬಡ ಹುಡುಗ. ವಿಂಚೆಸ್ಟರ್ ಶಾಲೆಯಲ್ಲಿದ್ದಾಗ ತಂದೆಯಿಂದ ಶುಲ್ಕ ಬರುತ್ತಿರಲಿಲ್ಲ. ಅವನನ್ನು ಯಾರೂ ಆಟಕ್ಕೆ ಸೇರಿಸಿಕೊಳ್ಳಲಿಲ್ಲ. ಒಂಟಿ ಹುಡುಗ ಮನಸ್ಸಿನಲ್ಲಿಯೇ ಕಥೆಗಳನ್ನು ಕಟ್ಟಿಕೊಳ್ಳತೊಡಗಿದ. ಒಂದೇ ಕಥೆಯನ್ನು ವಾರಗಟ್ಟಲೆ, ತಿಂಗಳುಗಟ್ಟಲೆ, ಒಮ್ಮೊಮ್ಮೆ ವರ್ಷದುದ್ದಕ್ಕೂ ಎಳೆದುಕೊಂಡು ಹೋಗುವನು; ಅಸಂಭವವಾದುದೊಂದೂ ಅದರಲ್ಲಿ ಬರಕೂಡದೆಂದು ತನಗೆ ತಾನೇ ಕಟ್ಟಳೆ ಹಾಕಿಕೊಳ್ಳುವನು. ಹಗಲುಗನಸು ಕಾಲಹರಣವೆಂದು ಹಿರಿಯರು ಗದರಿಸುತ್ತಾರಷ್ಟೆ. ಟ್ರಾಲಪನ ಮುಂದಿನ ಐವತ್ತು ವರ್ಷಗಳ ಬಂಡವಾಳ ಕೂಡಿದ್ದು ಆ ಕೆಸರುದಾರಿಯಲ್ಲಿಯೇ.

1834ರ ನವೆಂಬರಿನಲ್ಲಿ ಲಂಡನ್ನಿನ ಪ್ರಧಾನ ಅಂಚೆಕಚೇರಿಯಲ್ಲಿ ವರ್ಷಕ್ಕೆ 90 ಪೌಂಡಿನ ಗುಮಾಸ್ತಗಿರಿ ದೊರೆಯಿತು. ಹತ್ತೊಂಬತ್ತರ ಹುಡುಗ, ಕೇಳುವವರಿಲ್ಲದ ಊರು. ಮುಂದೆ ಹೊತ್ತಿನ ಪ್ರತಿನಿಧಿಯೆಂದೇ ಹೆಸರಾದ ಈ ಮನುಷ್ಯ ಆಗ ಕಚೇರಿಗೆ ಸದಾ ತಡವಾಗಿ ಬರುವವನೆಂದು ಕೆಟ್ಟ ಹೆಸರು ಪಡೆದಿದ್ದ. ದರ್ಜಿಯವನಿಗೆ ಕೊಡಬೇಕಾಗಿದ್ದ 12 ಪೌಂಡಿನ ಪತ್ರ ಒಬ್ಬ ಬಡ್ಡಿ ಸಾಹುಕಾರನ ಕೈಸೇರಿತು. ಅವನಿಂದ ಟ್ರಾಲಪ್ ಕೈಗಡವಾಗಿ ಪಡೆದದ್ದು 4 ಪೌಂಡು. ಕೊನೆಗೆ ತೆತ್ತದ್ದು 200 ಪೌಂಡಿಗೂ ಮೇಲೆ. ಆ ಸಾಹುಕಾರ ದಿನವೂ ಕಚೇರಿಗೆ ಬಂದು, ಇವನ ಕುರ್ಚಿಯ ಹಿಂದೆ ನಿಂತು, ಹೇಳಿದ ಹೊತ್ತಿಗೆ ನಡೆದುಕೊಳ್ಳುವುದನ್ನು ಕಲಿಯಬೇಕೆಂದು ಮೆಲುದನಿಯಲ್ಲಿ ಬುದ್ಧಿ ಹೇಳುತ್ತಿದ್ದನಂತೆ. ಹೊತ್ತಿನ ಬೆಲೆಯನ್ನು ಬಡ್ಡಿಯವನ ಬಾಯಿಂದ ಕೇಳಿ ತಿಳಿಯುವ ದುರವಸ್ಥೆ ಏಳು ವರ್ಷ ನಡೆಯಿತು. ಬರೆಯಬೇಕೆಂಬ ಆಸೆ ಅಷ್ಟೂ ವರ್ಷ ಒಳಗಿತ್ತು. ಕಾದಂಬರಿಯ ಒಂದು ಪುಟವೂ ಹುಟ್ಟಲಿಲ್ಲ.

1841ರಲ್ಲಿ ಐರ್ಲೆಂಡಿನ ಬ್ಯಾನಗರ್ ಎಂಬ ಸಣ್ಣ ಊರಿಗೆ ವರ್ಗವಾಯಿತು. ಯಾರಿಗೂ ಬೇಡವಾಗಿದ್ದ ಆ ಹುದ್ದೆಯನ್ನು ಟ್ರಾಲಪ್ ತಾನಾಗಿ ಕೇಳಿ ಪಡೆದ. ಲಂಡನ್ನಿನಿಂದ ಅವನ ಬಗ್ಗೆ ಕೆಟ್ಟ ವರದಿಯೇ ಮುಂದಾಗಿ ಬಂದಿತ್ತು. ಹೊಸ ಮೇಲಧಿಕಾರಿ ಅದನ್ನು ಬದಿಗಿಟ್ಟು ಅವನ ಕೆಲಸವನ್ನು ನೋಡಿ ತೀರ್ಮಾನಿಸಿದ. ಒಂದು ವರ್ಷದೊಳಗೆ ಅವನು ಇಲಾಖೆಯ ದಕ್ಷ ನೌಕರರಲ್ಲಿ ಒಬ್ಬನೆನಿಸಿಕೊಂಡ. ಕುದುರೆ ಸವಾರಿ ಕಲಿತ, ನರಿಬೇಟೆಯ ಹುಚ್ಚು ಹಿಡಿಸಿಕೊಂಡ, 1844ರಲ್ಲಿ ರೋಸ್ ಹೆಸೆಲ್ಟೈನಳನ್ನು ಮದುವೆಯಾದ, ಕೊನೆಗೂ ಲೇಖನಿ ಹಿಡಿದ. ಮೊದಲ ಕಾದಂಬರಿ 1847ರಲ್ಲಿ ಅಚ್ಚಾಯಿತು, ಯಾರೂ ಕೊಳ್ಳಲಿಲ್ಲ. ಎರಡನೆಯದನ್ನೂ ಕೊಳ್ಳಲಿಲ್ಲ, ಮೂರನೆಯದನ್ನೂ ಕೊಳ್ಳಲಿಲ್ಲ.

1851ರಲ್ಲಿ ಇಲಾಖೆ ಅವನಿಗೆ ಒಪ್ಪಿಸಿದ ಕೆಲಸ ಅವನ ಬಾಳಿನಲ್ಲಿ ಬಹು ದೊಡ್ಡದು. ಇಂಗ್ಲೆಂಡಿನ ನೈಋತ್ಯ ಭಾಗದ ಹಳ್ಳಿ ಹಳ್ಳಿಗೂ ಕಾಗದಗಳು ಕ್ರಮವಾಗಿ ತಲಪುವಂತೆ ಹಾದಿಗಳನ್ನು ಗೊತ್ತುಮಾಡಬೇಕು. ನಡೆದುಹೋಗುವ ಅಂಚೆಯವನು ದಿನಕ್ಕೆ 16 ಮೈಲಿಗಿಂತ ಹೆಚ್ಚು ನಡೆಯುವಂತಾಗಬಾರದೆಂಬುದು ನಿಯಮ. ಟ್ರಾಲಪ್ ಕುದುರೆಯೇರಿ ಒಂದೊಂದು ಓಣಿಯನ್ನೂ ಅಳೆದ. ಬೇಟೆಯ ಕೆಂಪು ಕೋಟಿನಲ್ಲಿಯೇ ಬೆಳಗಾಗುತ್ತಲೂ ಒಕ್ಕಲುಮನೆಗಳ ಬಾಗಿಲಲ್ಲಿ ನಿಂತು, ಕಾಗದ ಎಷ್ಟು ಹೊತ್ತಿಗೆ ಬರುತ್ತದೆ, ಯಾರು ತರುತ್ತಾರೆ ಎಂದು ವಿಚಾರಿಸಿ ರೈತರನ್ನು ಬೆರಗುಗೊಳಿಸಿದ. ಸವಾರಿಗೆ ಮೈಲಿಗೆ ಆರು ಪೆನ್ನಿ ಭತ್ಯೆ. ದಿನಕ್ಕೆ ಸುಮಾರು 40 ಮೈಲಿ. ಹೊಲದ ನಡುವೆ ಅಡ್ಡದಾರಿಗಳನ್ನು ತೋರಿಸಿ ನಡಿಗೆಯನ್ನು ಗಿಡ್ಡ ಮಾಡುತ್ತಿದ್ದುದರಿಂದ ಅಂಚೆಯವರಿಗೆ ಅವನ ಮೇಲೆ ಪ್ರೀತಿಯೇನೂ ಇರಲಿಲ್ಲ. ಕೆಲವು ವೇಳೆ ಅವರ ವಿಷಯದಲ್ಲಿ ತಾನು ಅನ್ಯಾಯ ಮಾಡಿರಬಹುದೆಂದು ಅವನೇ ಒಪ್ಪಿಕೊಂಡಿದ್ದಾನೆ. ಕುದುರೆಯ ಮೇಲಿರುವವನಿಗೂ ಕೆಸರಿನಲ್ಲಿರುವವನಿಗೂ ಒಂದು ಗಂಟೆ ಒಂದೇ ಸಮನಾಗಿರದು. ಬ್ರಿಟಿಷ್ ಆಡಳಿತದಲ್ಲಿ ಬೀದಿಬದಿಯ ಟಪಾಲು ಪೆಟ್ಟಿಗೆಗಳು ಮೊದಲು ಕಾಣಿಸಿಕೊಂಡದ್ದೂ ಇವನ ಸಲಹೆಯ ಮೇಲೆಯೇ, 1852ರಲ್ಲಿ, ಜರ್ಸಿ ದ್ವೀಪದಲ್ಲಿ. ಪೆಟ್ಟಿಗೆ ಇದ್ದಲ್ಲಿ ಕಾಗದ ಹಾಕಲೆಂದು ಅಂಚೆಕಚೇರಿಯವರೆಗೆ ನಡೆಯಬೇಕಾಗಿಲ್ಲ. ಲೋಕದ ಜನರಿಗೆ ಅದು ಉಳಿಸಿಕೊಟ್ಟ ಹೊತ್ತನ್ನು ಎಣಿಸುವವರಾರು?

ಈ ಅಲೆದಾಟದಲ್ಲಿ ಸಾಲ್ಸ್‌ಬರಿಯ ದೊಡ್ಡ ಇಗರ್ಜಿಯ ಸುತ್ತ ಬೇಸಗೆಯ ಒಂದು ಸಂಜೆ ತಿರುಗಾಡುತ್ತಿದ್ದಾಗ ಹೊಳೆದದ್ದು 'ದಿ ವಾರ್ಡನ್' ಕಾದಂಬರಿಯ ಕಥೆ. ಅದು 1855ರಲ್ಲಿ ಹೊರಬಂತು. ಆ ವರ್ಷದ ಕೊನೆಗೆ ಕೈಗೆ ಬಂದ ಹಣ 9 ಪೌಂಡು 8 ಷಿಲಿಂಗು 8 ಪೆನ್ನಿ. ಕಲ್ಲು ಒಡೆದಿದ್ದರೂ ಇದಕ್ಕಿಂತ ಹೆಚ್ಚು ಸಿಕ್ಕುತ್ತಿತ್ತೆಂದು ಅವನು ಲೆಕ್ಕ ಹಾಕಿದ. ಆದರೆ ಬರೆಯುವುದನ್ನು ಬಿಡಲಿಲ್ಲ.

ಅಂಚೆಯ ಕೆಲಸವೆಂದರೆ ಪ್ರಯಾಣ. ಪ್ರಯಾಣವೆಂದರೆ ರೈಲುಗಾಡಿಯಲ್ಲಿ ಕೈಕಟ್ಟಿ ಕುಳಿತಿರುವುದು. ದಿನದಲ್ಲಿ ಇಷ್ಟು ಗಂಟೆಗಳು ಹೀಗೆ ಸೋರಿಹೋಗುವುದನ್ನು ಕಂಡ ಟ್ರಾಲಪ್, ಮೊಣಕಾಲ ಮೇಲಿಟ್ಟುಕೊಳ್ಳಲು ಒಂದು ಸಣ್ಣ ಹಲಗೆಯನ್ನು ಮಾಡಿಸಿಕೊಂಡ. ಬಂಡಿ ಕುಲುಕುತ್ತಿದ್ದರೂ ಸೀಸದ ಕಡ್ಡಿಯಲ್ಲಿ ಬರೆಯುವನು; ಮನೆಯಲ್ಲಿ ಹೆಂಡತಿ ಅದನ್ನು ಮಸಿಯಲ್ಲಿ ಪ್ರತಿಮಾಡುವಳು. 1857ರ 'ಬಾರ್ಚೆಸ್ಟರ್ ಟವರ್ಸ್' ಕಾದಂಬರಿಯ ಬಹುಭಾಗ ಹುಟ್ಟಿದ್ದು ಹೀಗೆ. ಬಿಷಪ್ಪನನ್ನು ಬೆರಳತುದಿಯಲ್ಲಿ ಕುಣಿಸುವ ಶ್ರೀಮತಿ ಪ್ರೌಡಿಯಂಥ ಪಾತ್ರ ಅಪರಿಚಿತ ಸಹಪ್ರಯಾಣಿಕರ ನಡುವೆ, ನಿಲ್ದಾಣ ನಿಲ್ದಾಣಕ್ಕೂ ತಡೆದು ತಡೆದು ಮೈತಳೆದಳೆಂದರೆ, ಏಕಾಂತ ದೊರೆಯಲಿಲ್ಲವೆಂದು ಕೊರಗುವ ನಮ್ಮಂಥವರು ತಲೆತಗ್ಗಿಸಬೇಕಾಗುತ್ತದೆ.

ಅವನ ದಿನಚರಿಯ ಪುಸ್ತಕಗಳನ್ನು ಕುರಿತು ಇಲ್ಲಿ ಎರಡು ಮಾತು ಹೇಳಬೇಕು. ಅವು ಈಗ ಆಕ್ಸ್‌ಫರ್ಡಿನ ಬಾಡ್ಲಿಯನ್ ಗ್ರಂಥಾಲಯದಲ್ಲಿವೆ. ಹೊಸ ಕಾದಂಬರಿ ತೊಡಗುವಾಗ ಟ್ರಾಲಪ್ ಒಂದು ಪುಸ್ತಕಕ್ಕೆ ವಾರವಾರದ ಗೆರೆ ಹಾಕುವನು. ದಿನವೂ ಬರೆದ ಪುಟಗಳ ಸಂಖ್ಯೆಯನ್ನು ಅದರಲ್ಲಿ ಗುರುತಿಸುವನು. ಪುಟವೆಂದರೆ 250 ಮಾತು. ಎಣಿಸಿಯೇ ತೀರಬೇಕು, ಅಂದಾಜು ಸಲ್ಲದು. ಸಾಮಾನ್ಯವಾಗಿ ವಾರಕ್ಕೆ 40 ಪುಟ. ತೀರ ಕಡಮೆಯೆಂದರೆ 20. ಒಮ್ಮೆ 112ಕ್ಕೆ ಏರಿದ್ದೂ ಉಂಟು. ಬರೆಯದ ದಿನದ ಮನೆ ಖಾಲಿಯಾಗಿ ಉಳಿದು ಅವನನ್ನು ದಿಟ್ಟಿಸುತ್ತಿತ್ತು. ಗುರು ಇಲ್ಲ, ಮೇಲಧಿಕಾರಿ ಇಲ್ಲ, ಹಣ ಕೇಳುವ ಸಾಹುಕಾರನೂ ಇಲ್ಲ. ಆದರೂ ಯಾವನೋ ಒಬ್ಬನು ಕುರ್ಚಿಯ ಹಿಂದೆ ನಿಂತು ಲೆಕ್ಕ ಕೇಳುವಂತೆ ಅವನು ಏರ್ಪಾಡು ಮಾಡಿಕೊಂಡಿದ್ದ. ಆ ಬಡ್ಡಿಯವನ ಬಿಳಿಯ ಕೊರಳಪಟ್ಟಿ ಈ ಗೆರೆಗಳ ಹಿಂದೆ ನನಗೆ ಆಗಾಗ ಕಂಡಂತಾಗುತ್ತದೆ.

1858ರಲ್ಲಿ ಇಲಾಖೆ ಅವನನ್ನು ಈಜಿಪ್ಟಿಗೆ ಕಳುಹಿತು. ಈ ಪ್ರಯಾಣಕ್ಕೂ ನಮ್ಮ ದೇಶಕ್ಕೂ ಸಂಬಂಧವಿದೆ. ಸೂಯೆಜ್ ಕಾಲುವೆ ಆಗಿನ್ನೂ ಇರಲಿಲ್ಲ. ಇಂಗ್ಲೆಂಡಿನಿಂದ ಭಾರತಕ್ಕೂ ಆಸ್ಟ್ರೇಲಿಯಕ್ಕೂ ಬರುವ ಅಂಚೆ ಅಲೆಕ್ಸಾಂಡ್ರಿಯದಲ್ಲಿ ಹಡಗಿನಿಂದಿಳಿದು, ನೆಲದ ಮೇಲೆ ಸೂಯೆಜಿಗೆ ಸಾಗಿ, ಮತ್ತೆ ಹಡಗೇರಬೇಕಾಗಿತ್ತು. ಆ ಚೀಲಗಳನ್ನು ರೈಲಿನಲ್ಲಿ ಸಾಗಿಸುವ ಕರಾರನ್ನು ಅಲ್ಲಿಯ ಸರಕಾರದೊಡನೆ ಮಾಡಿಕೊಂಡು ಬರುವುದು ಇವನ ಕೆಲಸ. ನೂಬಾರ್ ಬೇ ಎಂಬ ಅಧಿಕಾರಿ ಎಲ್ಲಕ್ಕೂ ಒಪ್ಪಿದ, ಹೊತ್ತಿಗೆ ಮಾತ್ರ ಒಪ್ಪಲಿಲ್ಲ. 48 ಗಂಟೆ ಬೇಕೆಂದ. ಟ್ರಾಲಪ್ 24 ಗಂಟೆಯಿಂದ ಕದಲಲಿಲ್ಲ. ದಿನಗಟ್ಟಲೆ ಕಾಫಿ, ಹುಕ್ಕ, ಉಪಚಾರದ ಮಾತುಗಳಾದ ಮೇಲೆ 24 ಗಂಟೆಯೇ ನಿಂತಿತು. ಬೊಂಬಾಯಿಯ ದಡದಲ್ಲಿ ಮನೆಯ ಕಾಗದಕ್ಕಾಗಿ ಕಾಯುತ್ತಿದ್ದವರ ಪಾಲಿಗೆ ಒಂದು ದಿನ ಉಳಿಯಿತು.

ಅಲ್ಲಿಗೆ ಹೋಗುವಾಗ ಕಡಲು ಕೆರಳಿತ್ತು. ಟ್ರಾಲಪ್ 'ಡಾಕ್ಟರ್ ಥಾರ್ನ್' ಕಾದಂಬರಿಯನ್ನು ಬರೆಯುತ್ತಿದ್ದ. ಹೊಟ್ಟೆ ತೊಳಸಿದಾಗ ಹಾಳೆಯನ್ನು ಮೇಜಿನ ಮೇಲೆಯೇ ಬಿಟ್ಟು ತನ್ನ ಕೋಣೆಗೆ ಓಡುವನು. ವಾಂತಿಯಾದ ಮೇಲೆ ಬಂದು ವಾಕ್ಯವನ್ನು ಮುಂದುವರಿಸುವನು. ಈಜಿಪ್ಟಿನಲ್ಲಿ ಅದನ್ನು ಮುಗಿಸಿದ ಮಾರನೆಯ ದಿನವೇ 'ದಿ ಬರ್ಟ್ರಮ್ಸ್' ತೊಡಗಿದ. ಇದನ್ನು ಸಾಹಸವೆನ್ನೋಣವೆ, ಹಟವೆನ್ನೋಣವೆ? 'ಡಾಕ್ಟರ್ ಥಾರ್ನ್' ಇಂದಿಗೂ ಸೊಗಸಾಗಿದೆ. 'ದಿ ಬರ್ಟ್ರಮ್ಸ್' ಸಪ್ಪೆ. ಎರಡಕ್ಕೂ ಗಡಿಯಾರ ಒಂದೇ. ಆದಕಾರಣ ಗುಣವನ್ನು ಗಡಿಯಾರದ ತಲೆಗೆ ಕಟ್ಟುವಂತಿಲ್ಲ, ದೋಷವನ್ನೂ ಕಟ್ಟುವಂತಿಲ್ಲ.

1859ರಲ್ಲಿ ಲಂಡನ್ನಿಗೆ ಹತ್ತಿರದ ವಾಲ್ಥಮ್ ಕ್ರಾಸಿನಲ್ಲಿ ಮನೆಮಾಡಿದ ಮೇಲೆ ಅವನ ದಿನಚರಿ ಹೆಸರಾದ ರೂಪವನ್ನು ತಾಳಿತು. ಲಾಯದ ಮುದಿಯಾಳು ಬಾರ್ನಿ, ಐರ್ಲೆಂಡಿನವನು, ನಸುಕಿನಲ್ಲಿ ಕಾಫಿ ತಂದು ಎಬ್ಬಿಸುವನು. ಅದಕ್ಕಾಗಿ ಅವನಿಗೆ ವರ್ಷಕ್ಕೆ 5 ಪೌಂಡು ಹೆಚ್ಚಿನ ಸಂಬಳ. ಐದೂವರೆಗೆ ಮೇಜಿನ ಮುಂದೆ. ಮೊದಲ ಅರ್ಧಗಂಟೆ ಹಿಂದಿನ ದಿನದ ಬರವಣಿಗೆಯನ್ನು ಓದಿಕೊಂಡು ಅದರ ನಾದವನ್ನು ಕಿವಿಗೆ ತಂದುಕೊಳ್ಳುವುದು. ಉಳಿದ ಎರಡೂವರೆ ಗಂಟೆಯಲ್ಲಿ ಹತ್ತು ಕಾಲುಗಂಟೆಗಳು. ಒಂದಕ್ಕೆ 250ರಂತೆ 2,500 ಮಾತು. ಉಪಾಹಾರಕ್ಕೆ ಉಡುಪು ಹಾಕಿಕೊಳ್ಳುವಷ್ಟರಲ್ಲಿ ಸಾಹಿತಿಯ ದಿನ ಮುಗಿಯಿತು. ಇದೇ ವೇಗದಲ್ಲಿ ಹತ್ತು ತಿಂಗಳು ನಡೆದರೆ ಮೂರು ಸಂಪುಟಗಳ ಮೂರು ಕಾದಂಬರಿ. ಮುಂದೆ ಅಂಚೆಯ ಕೆಲಸ. ಚಳಿಗಾಲದಲ್ಲಿ ವಾರಕ್ಕೆರಡು ಬಾರಿಯಾದರೂ ಬೇಟೆ. ಸಂಜೆ ಗ್ಯಾರಿಕ್ ಕ್ಲಬ್ಬಿನಲ್ಲಿ ಇಸ್ಪೀಟು, ಗೆಳೆಯರೊಡನೆ ಗಟ್ಟಿದನಿಯ ಹರಟೆ. ಹೊತ್ತಿಲ್ಲವೆಂದು ಅವನು ಯಾರಿಗೂ ಹೇಳಿದಂತೆ ಕಾಣದು.

ಆ ವರ್ಷಗಳಲ್ಲಿ ಬಾರ್ನಿ ಒಂದು ದಿನವೂ ತಡಮಾಡಲಿಲ್ಲವೆಂದೂ, ತನ್ನ ಏಳಿಗೆಗೆ ಅವನಿಗಿಂತ ಹೆಚ್ಚು ಕಾರಣರಾದವರು ಬೇರೆಯಿಲ್ಲವೆಂದೂ ಟ್ರಾಲಪ್ ನೆನೆಯುತ್ತಾನೆ. ಕೃತಜ್ಞತೆ ನಿಜವಾದದ್ದೇ. ಆದರೂ ಯಜಮಾನನನ್ನು ಐದೂವರೆಗೆ ಮೇಜಿಗೆ ಸೇರಿಸಬೇಕಾದ ಆಳು, ಒಲೆ ಹೊತ್ತಿಸಿ ಕಾಫಿ ಕಾಸಲು ಎಷ್ಟು ಗಂಟೆಗೆ ಏಳಬೇಕು? ಅವನನ್ನು ಎಬ್ಬಿಸುತ್ತಿದ್ದವರಾರು? ಸೀಸದ ಕಡ್ಡಿಯ ಮಸುಕು ಅಕ್ಷರಗಳನ್ನು ತಿದ್ದಿ ಪ್ರತಿಮಾಡಿದ ರೋಸಳ ಗಂಟೆಗಳು ಯಾವ ದಿನಚರಿಯ ಮನೆಯಲ್ಲಿ ದಾಖಲಾದವು? ಅಚ್ಚಾಗುವ ಮೊದಲು ಅವನ ಬರವಣಿಗೆಯನ್ನು ಕಾಣುತ್ತಿದ್ದವಳು ಆಕೆಯೊಬ್ಬಳೇ. ಹೊತ್ತಿನ ಮಿತವ್ಯಯವನ್ನು ಬೋಧಿಸುವ ಪುಸ್ತಕಗಳು ಈ ಪ್ರಶ್ನೆಯನ್ನು ದಾಟಿಹೋಗುತ್ತವೆ. ನಮ್ಮ ಮನೆಗಳಲ್ಲಿಯೂ ನಸುಕಿನಲ್ಲೆದ್ದು ಬರೆದ ದೊಡ್ಡವರ ಕೀರ್ತಿಯನ್ನು ಕೇಳಿದ್ದೇವೆ; ಅವರಿಗಿಂತ ಮುಂಚೆ ಎದ್ದು ನೀರೊಲೆಗೆ ಉರಿ ಹಾಕಿದವರ ಹೆಸರು ಕೇಳಿಲ್ಲ.

ಇನ್ನು ಮುಖ್ಯವಾದ ಆಕ್ಷೇಪಣೆ. ಕಾಲುಗಂಟೆಗೆ 250 ಮಾತು ಬರೆಯುವವನು ಯೋಚಿಸುವುದು ಯಾವಾಗ? ಮೇಜಿನ ಮುಂದೆ ಲೇಖನಿಯನ್ನು ಕಚ್ಚುತ್ತ, ಗೋಡೆ ನೋಡುತ್ತ ಕೂಡುವುದು ಟ್ರಾಲಪನಿಗೆ ಒಗ್ಗದು. ಅವನು ಪಾತ್ರಗಳೊಡನೆ ಇರುತ್ತಿದ್ದುದು ಉಳಿದ ಇಪ್ಪತ್ತೊಂದು ಗಂಟೆಗಳಲ್ಲಿ. ಹ್ಯಾರೋ ದಾರಿಯ ಹಗಲುಗನಸು ಕುದುರೆಯ ಮೇಲೆಯೂ ರೈಲಿನಲ್ಲಿಯೂ ನಡೆಯುತ್ತಲೇ ಇತ್ತು. ಆಗಾಗ ಯಾವುದಾದರೂ ನಿರ್ಜನವಾದ ಬೆಟ್ಟದ ಸೀಮೆಗೆ ಹೋಗಿ, ಬಂಡೆಗಳ ನಡುವೆ ಅಲೆಯುತ್ತ, ತನ್ನ ಕಥೆಯ ಜನ ಅತ್ತರೆ ಅತ್ತು ನಕ್ಕರೆ ನಗುತ್ತಿದ್ದನಂತೆ. ಒಮ್ಮೆ ಅಥೀನಿಯಮ್ ಕ್ಲಬ್ಬಿನಲ್ಲಿ ಇಬ್ಬರು ಪಾದ್ರಿಗಳು ಶ್ರೀಮತಿ ಪ್ರೌಡಿ ಮತ್ತೆ ಮತ್ತೆ ಬರುವುದನ್ನು ಹಳಿಯುತ್ತಿದ್ದುದು ಅವನ ಕಿವಿಗೆ ಬಿತ್ತು. ಎದ್ದುಹೋಗಿ ತನ್ನ ಗುರುತು ಹೇಳಿ, ವಾರದೊಳಗೆ ಆಕೆಯನ್ನು ಕೊಲ್ಲುವೆನೆಂದು ಮಾತುಕೊಟ್ಟ. ಹಾಗೆಯೇ 'ದಿ ಲಾಸ್ಟ್ ಕ್ರಾನಿಕಲ್ ಆಫ್ ಬಾರ್ಸೆಟ್' ಕಾದಂಬರಿಯಲ್ಲಿ ಆಕೆ ಸತ್ತಳು. ಮುಂದೆ ಬಹುಕಾಲ ಆಕೆಯ ಪ್ರೇತದ ಸಹವಾಸದಲ್ಲಿ ಬಾಳಿದುದಾಗಿ ಅವನು ಹೇಳಿಕೊಂಡಿದ್ದಾನೆ. ಗಡಿಯಾರ ನೋಡಿ ಬರೆಯುವ ಯಂತ್ರಕ್ಕೆ ಪ್ರೇತಗಳು ಕಾಣಿಸಿಕೊಳ್ಳುವುದಿಲ್ಲ. ಗಡಿಯಾರ ಆಳುತ್ತಿದ್ದುದು ಅವನ ಕೈಯನ್ನು. ಅವನ ಮನಸ್ಸಿಗೆ ಹೊತ್ತಿನ ಕಟ್ಟಳೆಯೇ ಇರಲಿಲ್ಲ. ಇದನ್ನು ಅರಿಯದೆ, ಅವನ ಐದೂವರೆ ಗಂಟೆಯನ್ನಷ್ಟೇ ಅನುಕರಿಸಿ ಬರಿಯ ಹಾಳೆಯೆದುರು ತೂಕಡಿಸಿದ ಉಮೇದುವಾರರು ಅನೇಕರಿರಬೇಕು.

ಅತಿಯಾಗಿ ಬರೆದನೆಂಬ ಮಾತು ಮಾತ್ರ ಸುಳ್ಳಲ್ಲ. ನಲವತ್ತೇಳು ಕಾದಂಬರಿಗಳಲ್ಲಿ ಹತ್ತು ಹದಿನೈದನ್ನು ನಾನು ಸಂತೋಷದಿಂದ ಮರೆಯಬಲ್ಲೆ. ಖಾಲಿ ಮನೆಗಳ ಭಯ ಅವನನ್ನು ವಿಶ್ರಾಂತಿಯಿಂದಲೂ ದೂರವಿಟ್ಟಿತು. 1864ರಲ್ಲಿ ಇಲಾಖೆಯ ದೊಡ್ಡ ಹುದ್ದೆಯೊಂದು ಕೈತಪ್ಪಿತು. 1867ರಲ್ಲಿ, ಮೂವತ್ತಮೂರು ವರ್ಷಗಳ ನೌಕರಿಯನ್ನು, ಬರಬಹುದಾಗಿದ್ದ ಪಿಂಚಣಿಯನ್ನೂ ತೊರೆದು ಹೊರಬಂದ. ಮರುವರ್ಷ ಬೆವರ್ಲಿಯಿಂದ ಪಾರ್ಲಿಮೆಂಟಿಗೆ ಸ್ಪರ್ಧಿಸಿ ಸೋತ. ದಿನವೆಲ್ಲ ತನ್ನದೇ ಆದ ಮೇಲೂ ಅವನು ಬೆಳಗಿನ ಮೂರು ಗಂಟೆಗಳಾಚೆಗೆ ಬರವಣಿಗೆಯನ್ನು ಹಿಗ್ಗಿಸಲಿಲ್ಲವೆಂಬುದು ಗಮನಾರ್ಹ. 1871ರಲ್ಲಿ ಆಸ್ಟ್ರೇಲಿಯದಲ್ಲಿದ್ದ ಮಗನನ್ನು ಕಾಣಲು 'ಗ್ರೇಟ್ ಬ್ರಿಟನ್' ಹಡಗನ್ನೇರಿದಾಗ, ಕೋಣೆಯಲ್ಲಿ ಬಡಗಿಯಿಂದ ಒಂದು ಮೇಜು ಹೊಡೆಸಿಕೊಂಡು, ಎಂಟು ವಾರ, ವಾರಕ್ಕೆ 66 ಪುಟದಂತೆ 'ಲೇಡಿ ಆನಾ' ಕಾದಂಬರಿಯನ್ನು ಬರೆದು ಮುಗಿಸಿದ. ತಪ್ಪಿದ್ದು ಕಾಯಿಲೆಯ ಒಂದೇ ದಿನ. ಹಡಗು ಮುಳುಗಿದ್ದರೂ ತನ್ನ ಹೆಸರಿನಲ್ಲಿ ಕೆಲವು ವರ್ಷ ಹೊಸ ಕಾದಂಬರಿಗಳು ಬರುವಷ್ಟು ಹಸ್ತಪ್ರತಿಗಳನ್ನು ಮನೆಯಲ್ಲಿ ಬಿಟ್ಟು ಬಂದಿದ್ದ. ಹಿಂದಿರುಗಿ ಬರೆದ 'ದಿ ವೇ ವಿ ಲಿವ್ ನೌ' ಆಗ ಅನೇಕರಿಗೆ ರುಚಿಸಲಿಲ್ಲ. ಇಂದು ಅವನ ಅತ್ಯುತ್ತಮ ಕೃತಿಗಳಲ್ಲಿ ಅದನ್ನು ಎಣಿಸುತ್ತಾರೆ.

ಅವನ ಕೀರ್ತಿ ಮರಣಾನಂತರ ಮಂಕಾಯಿತು. ಆತ್ಮಚರಿತ್ರೆಯೊಂದನ್ನೇ ಅದಕ್ಕೆ ಹೊಣೆಮಾಡುವುದು ಸರಿಯಲ್ಲ. ಓದುಗರ ರುಚಿಯೇ ಬದಲಾಗುತ್ತಿತ್ತು. 1927ರಲ್ಲಿ ಮೈಕೇಲ್ ಸ್ಯಾಡ್ಲೀರ್ ಬರೆದ ಗ್ರಂಥದಿಂದ ಅವನತ್ತ ಮತ್ತೆ ಕಣ್ಣು ಹೊರಳಿತು; ಎರಡನೆಯ ಮಹಾಯುದ್ಧದ ಕಾಲದಲ್ಲಿ ಬಾರ್ಸೆಟ್‌ಷೈರಿನ ನೆಮ್ಮದಿಯನ್ನು ಜನ ಹುಡುಕಿಕೊಂಡು ಹೋದರು.

ಕೊನೆಯ ವರ್ಷಗಳಲ್ಲಿ ಉಬ್ಬಸ ಅವನನ್ನು ಕಾಡಿತು. ಬೆರಳುಗಳು ಸೆಡೆತು ಲೇಖನಿಗೆ ಬಾಗದಾದವು. ಆಗ ಹೆಂಡತಿಯ ಸೋದರಸಂಬಂಧದ ಹುಡುಗಿ ಫ್ಲಾರೆನ್ಸ್ ಬ್ಲಾಂಡ್ ಬಳಿಯಲ್ಲಿ ಕುಳಿತು ಅವನು ಹೇಳಿದಂತೆ ಬರೆದುಕೊಂಡಳು. ಗಡಿಯಾರದ ಶಾಸನವನ್ನು ಅವನು ಆ ಹೊತ್ತಿಗೆ ತುಸು ಸಡಿಲಿಸಿದ್ದ. 1882ರಲ್ಲಿ ಅರವತ್ತೇಳರ ಮುದುಕ ಎರಡು ಬಾರಿ ಐರ್ಲೆಂಡಿಗೆ ಹೋಗಿ, ಅಲ್ಲಿಯ ಭೂಹೋರಾಟವನ್ನು ಕಣ್ಣಾರೆ ಕಂಡು, 'ದಿ ಲ್ಯಾಂಡ್‌ಲೀಗರ್ಸ್' ಕಾದಂಬರಿಗೆ ಕೈಹಾಕಿದ. ಪೂರ್ತಿ ಬರೆದು ಮುಗಿಸದ ಕಥೆಯನ್ನು ಪತ್ರಿಕೆಗೆ ಕೊಡಬಾರದೆಂಬುದು ಅವನ ಹಳೆಯ ನಿಯಮ. ಥ್ಯಾಕರೆಯ ಸಂಪಾದಕತ್ವದ 'ಕಾರ್ನ್‌ಹಿಲ್' ಪತ್ರಿಕೆಗೆಂದು ಹಿಂದೆ 'ಫ್ರ್ಯಾಮ್ಲಿ ಪಾರ್ಸನೇಜ್' ಬರೆದಾಗ ಅದನ್ನು ಮುರಿದಿದ್ದ, ಈಗ ಮತ್ತೊಮ್ಮೆ ಮುರಿದ. ನವೆಂಬರ್ 3ರ ಸಂಜೆ ನೆಂಟರ ಮನೆಯಲ್ಲಿ, ಯಾರೋ ಗಟ್ಟಿಯಾಗಿ ಓದುತ್ತಿದ್ದ ಹಾಸ್ಯ ಕಾದಂಬರಿಯನ್ನು ಕೇಳಿ ಎಲ್ಲರಿಗಿಂತ ಜೋರಾಗಿ ನಗುತ್ತಿದ್ದವನು ಇದ್ದಕ್ಕಿದ್ದಂತೆ ಸುಮ್ಮನಾದ. ಬಲಮೈ ಬಿದ್ದುಹೋಗಿತ್ತು, ಮಾತು ನಿಂತಿತ್ತು. ಡಿಸೆಂಬರ್ 6ರಂದು ಪ್ರಾಣ ಹೋಯಿತು.

ಕಾದಂಬರಿಗೆ ಅರವತ್ತು ಅಧ್ಯಾಯಗಳನ್ನು ಅವನು ಗೊತ್ತುಮಾಡಿಕೊಂಡಿದ್ದ. ನಲವತ್ತೆಂಟು ಮುಗಿದಿದ್ದವು. ನಲವತ್ತೊಂಬತ್ತನೆಯದು ಅರ್ಧಕ್ಕೆ ನಿಂತಿತ್ತು. ಮಗ ಅದನ್ನು ಇದ್ದಂತೆಯೇ ಅಚ್ಚು ಹಾಕಿಸಿದ.